ಕಮರ ಮರದ ತಳಿ ವೈವಿಧ್ಯ: ಉಳಿಸುವ ಬಗೆ

ಹುಲ್ಲಿನ ನಡುವೆ ಅಲ್ಲಲ್ಲಿ ಮರಗಳು ಹರಡಿ ನಿಂತಿರುವ ಒಣಭೂಮಿಗೆ ಸವನ್ನಾ ಎಂದು ಹೆಸರು. ಕರ್ನಾಟಕದ ಬಯಲುಸೀಮೆಯ ಕಾವಲುಗಳೂ ಕುರುಚಲು ಕಾಡುಗಳೂ ಬಹುಮಟ್ಟಿಗೆ ಈ ಬಗೆಯವು. ಕರಿಜಾಲಿ, ಬಿಳಿಜಾಲಿ, ತುಗ್ಗಲಿ, ದಿಂಡಿಗ, ಕಮರ ಮೊದಲಾದವು ಇಲ್ಲಿಯ ಮೂಲ ಮರಗಳು. ಒಂದು ಕಾಲಕ್ಕೆ 4 ಲಕ್ಷ ಎಕರೆಗೂ ಮೀರಿದ್ದ ಅಮೃತಮಹಲ್ ಕಾವಲುಗಳಲ್ಲಿ ಇಂದು ಕಾಲು ಭಾಗವೂ ಉಳಿದಿಲ್ಲ. ಇಂತಹ ಭೂಮಿ ಕುಗ್ಗಿದಂತೆ ಮರಗಳು ಚಿಕ್ಕ ಚಿಕ್ಕ ಗುಂಪುಗಳಾಗಿ ಬೇರ್ಪಟ್ಟಿವೆ. ಮರಗಳ ಸಂಖ್ಯೆ ಇಳಿದಿರುವುದು ಕಣ್ಣಿಗೆ ಕಾಣುತ್ತದೆ. ಅವುಗಳೊಡನೆ ಅಳಿಯುವ ತಳಿಗುಣ ಕಾಣುವುದಿಲ್ಲ.

ಕಮರದ ಮಹತ್ವ

ಜೋಡಿ ಎಲೆಗಳಿಂದ ಸುಲಭವಾಗಿ ಗುರುತಿಸಬಹುದಾದ ಕಮರವು ತುಮಕೂರು, ಚಿತ್ರದುರ್ಗ ಮುಂತಾದ ಜಿಲ್ಲೆಗಳ ಕಲ್ಲುಭೂಮಿಯಲ್ಲಿ ಬೆಳೆಯುತ್ತದೆ. ತಾಯಿಬೇರು ಬಹಳ ಆಳಕ್ಕಿಳಿಯುವುದರಿಂದ ಬರವನ್ನು ತಡೆದುಕೊಳ್ಳುತ್ತದೆ. ಸೊಪ್ಪು ದನಕರುಗಳಿಗೆ ಮೇವು. ತೊಗಟೆಯ ನಾರು ಹಗ್ಗಕ್ಕೆ, ಗಟ್ಟಿಯಾದ ಚೇಗು ಗಾಡಿ, ನೇಗಿಲು, ಕಂಬಗಳಿಗೆ ಬಳಕೆಯಾಗುತ್ತಾ ಬಂದಿದೆ.

ವೈವಿಧ್ಯ ಏಕೆ ಬೇಕು?

ರಾಗಿಯ ತಳಿ ಒಂದು ವರ್ಷ ಸೋತರೆ ಮರುವರ್ಷ ಬೇರೆ ತಳಿ ಬಿತ್ತಬಹುದು. ಮರ ಹಾಗಲ್ಲ. ಇಂದು ನೆಟ್ಟದ್ದು ಹಲವು ದಶಕಗಳ ಬರ, ಕೀಟ, ರೋಗಗಳನ್ನು ನಿಂತಲ್ಲೇ ಎದುರಿಸಬೇಕು. ಯಾವ ಗುಣ ಮುಂದೆ ಬೇಕಾದೀತೆಂದು ಈಗಲೇ ಹೇಳಲಾಗದು. ಆದ್ದರಿಂದ ಒಂದೇ ತೋಪಿನಲ್ಲಿ ನಾನಾ ಗುಣದ ಮರಗಳಿರುವುದು ಕ್ಷೇಮ. ಹತ್ತಿರದ ಸಂಬಂಧದ ಮರಗಳೇ ತಮ್ಮೊಳಗೆ ಕೂಡಿದರೆ ಬೀಜ ಜೊಳ್ಳಾಗಬಹುದು, ಸಸಿಗಳ ಬೆಳವಣಿಗೆ ಕುಂಠಿತವಾಗಬಹುದು. ಇದಕ್ಕೆ ಒಳಸಂಕರದ ದೋಷವೆನ್ನುತ್ತಾರೆ.

ನೀಲಗಿರಿಯ ಉದಾಹರಣೆ ಇಲ್ಲಿ ಗಮನಾರ್ಹ. ನಂದಿಬೆಟ್ಟದಲ್ಲಿದ್ದ ಕೆಲವೇ ಮರಗಳ ಸಂತತಿ 'ಮೈಸೂರು ಗಮ್' ಎಂಬ ಹೆಸರಿನಿಂದ ದೇಶದ ಹಲವೆಡೆ ಹರಡಿತು. ಅದರ ತಳಿ ಬುನಾದಿ ಕಿರಿದಾಗಿದ್ದುದರಿಂದ ಆಸ್ಟ್ರೇಲಿಯದಿಂದ ಬೇರೆ ಬೇರೆ ಮೂಲದ ಬೀಜಗಳನ್ನು ತರಿಸಬೇಕಾಯಿತು. ನೀಲಗಿರಿಗೆ ಆಸ್ಟ್ರೇಲಿಯ ಇದೆ. ಕಮರದ ತವರು ಭಾರತವೇ. ಇಲ್ಲಿ ಕಳೆದುಹೋದ ಗುಣವನ್ನು ಬೇರೆಲ್ಲಿಂದಲೂ ತರಲಾಗುವುದಿಲ್ಲ.

ಎಷ್ಟು ತಾಯಿಮರಗಳು?

ಪ್ರತಿಯೊಂದು ಮರವೂ ಒಂದು ಗುಣದ ಎರಡು ವಂಶವಾಹಿಗಳನ್ನು ಹೊಂದಿರುತ್ತದೆಂದು ಭಾವಿಸೋಣ. 100 ರಲ್ಲಿ 5 ರಷ್ಟು ಮಾತ್ರ ಇರುವ ವಿರಳ ವಂಶವಾಹಿಯೊಂದು 5 ತಾಯಿಮರಗಳಲ್ಲಿ ಒಂದರಲ್ಲೂ ಇಲ್ಲದಿರುವ ಸಂಭವ ಶೇಕಡಾ 60. ತಾಯಿಮರಗಳು 30 ಆದರೆ ಈ ಸಂಭವ ಶೇಕಡಾ 5 ಕ್ಕಿಂತ ಕಡಿಮೆ. ಮರಗಳು ಪರಸ್ಪರ ಸಂಬಂಧಿಗಳಲ್ಲದಿದ್ದರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ.

ಬೀಜ ಸಂಗ್ರಹಿಸುವ ಕ್ರಮ

1. ಏಪ್ರಿಲ್–ಮೇ ತಿಂಗಳಲ್ಲಿ ಕಾಯಿ ಬಲಿಯುತ್ತದೆ. ಚಪ್ಪಟೆಯಾದ, ರೆಕ್ಕೆಯಂತಹ ಕಾಯಿಯ ತುದಿಯಲ್ಲಿ ಒಂದೇ ಬೀಜವಿರುತ್ತದೆ. ಒಣಗಿದ ಕಾಯಿಗಳನ್ನು ಗಾಳಿಗೆ ಹಾರಿಹೋಗುವ ಮುನ್ನ ಸಂಗ್ರಹಿಸಬೇಕು.

2. ಕಮರ ಪ್ರತಿವರ್ಷವೂ ಹೇರಳವಾಗಿ ಬೀಜ ಕಟ್ಟುವುದಿಲ್ಲ. ಹೆಚ್ಚು ಮರಗಳು ಹೂಬಿಟ್ಟ ವರ್ಷದಲ್ಲಿಯೇ ಸಂಗ್ರಹಿಸುವುದು ಲೇಸು. ಹೂವು ಕಡಿಮೆಯಾದ ವರ್ಷದ ಬೀಜಕ್ಕೆ ಕೆಲವೇ ಮರಗಳ ಪರಾಗ ದೊರೆತಿರುತ್ತದೆ.

3. ಕನಿಷ್ಠ 30 ಆರೋಗ್ಯವಂತ ಮರಗಳನ್ನು ಆರಿಸಬೇಕು. ಅಕ್ಕಪಕ್ಕದ ಮರಗಳು ಒಂದೇ ತಾಯಿಯ ಮಕ್ಕಳಾಗಿರಬಹುದು. ಆದ್ದರಿಂದ ಮರದಿಂದ ಮರಕ್ಕೆ ಸುಮಾರು 100 ಮೀಟರ್ ಅಂತರವಿರಲಿ.

4. ಹೊಲದಲ್ಲಿ ಒಂಟಿಯಾಗಿ ನಿಂತ ಮರದ ಬೀಜ ಬೇಡ.

5. ಪ್ರತಿ ಮರದಿಂದ ಸಮಪ್ರಮಾಣದ ಬೀಜ ತೆಗೆದುಕೊಂಡು ಬೆರೆಸಬೇಕು. ಮರಕ್ಕೆ 100 ರಂತೆ 30 ಮರಗಳಿಂದ 3,000 ಬೀಜ ದೊರೆಯುತ್ತವೆ. ರಸ್ತೆ ಬದಿಯ ಒಂದೇ ಮರದಿಂದ ಚೀಲ ತುಂಬುವುದು ಸುಲಭ. ಬುನಾದಿ ಕಿರಿದಾಗುವುದೂ ಹಾಗೆಯೇ.

6. ನೆಡುವ ಜಾಗದಷ್ಟೇ ಮಳೆಯಾಗುವ, ಅಂತಹದೇ ಮಣ್ಣಿರುವ ಪ್ರದೇಶದ ಬೀಜವನ್ನು ಬಳಸಬೇಕು. ಚೀಲದ ಮೇಲೆ ಊರು, ಮರಗಳ ಸಂಖ್ಯೆ, ತಿಂಗಳು ಬರೆದಿಡಬೇಕು.

ಅರಣ್ಯ ಭೂಮಿಯಲ್ಲಿ ಸಂಗ್ರಹಿಸಲು ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಮರದ ಕಾಡು 2019 ರಲ್ಲಿ ಚಿಂಕಾರ ವನ್ಯಜೀವಿಧಾಮವಾಗಿ ಘೋಷಿತವಾದ ಪ್ರದೇಶದಲ್ಲಿದೆ.

ಬಿತ್ತನೆ

ಹೊಸ ಬೀಜಕ್ಕೆ ಉಪಚಾರ ಬೇಕಿಲ್ಲ. ಮುಂಗಾರಿನ ಆರಂಭದಲ್ಲಿ ನೇರವಾಗಿ ಬದುಗಳ ಮೇಲೆ ಬಿತ್ತಿ, ತೆಳುವಾಗಿ ಮಣ್ಣು ಮುಚ್ಚಬೇಕು. ಸಸಿ ಬೆಳೆಸುವುದಾದರೆ ಉದ್ದನೆಯ ಪಾಲಿಥೀನ್ ಚೀಲವನ್ನು ಬಳಸಬೇಕು. ಗಿಡ್ಡ ಚೀಲದಲ್ಲಿ ತಾಯಿಬೇರು ಸುತ್ತಿಕೊಳ್ಳುತ್ತದೆ. ಮೊದಲ ವರ್ಷಗಳಲ್ಲಿ ಆಡು, ದನಗಳಿಂದ ಕಾಪಾಡುವುದು ಅವಶ್ಯ.

ನಿಂತ ಮರಗಳ ರಕ್ಷಣೆ

ಹೊಸದಾಗಿ ನೆಡುವುದಕ್ಕಿಂತ ಇರುವುದನ್ನು ಉಳಿಸುವುದು ಮೊದಲ ಕೆಲಸ. ಪ್ರತಿವರ್ಷ ಬೋಳಾಗಿ ಸೊಪ್ಪು ಸವರಿದ ಮರ ಹೂಬಿಡಲಾರದು. ಹಾಗಾದರೆ ಅದು ಬದುಕಿದ್ದರೂ ಅದರ ಗುಣ ಮುಂದಿನ ಪೀಳಿಗೆಗೆ ಹೋಗದು. ನೆತ್ತಿಯ ಮೂರನೇ ಒಂದು ಭಾಗವನ್ನು ಬಿಟ್ಟು ಸವರಬೇಕು. ಪ್ರತಿ ಊರಿನಲ್ಲೂ ಕೆಲವು ಮರಗಳನ್ನು ಸರದಿಯಂತೆ ಎರಡು ಮೂರು ವರ್ಷ ಸವರದೆ ಬೀಜಕ್ಕೆ ಬಿಡುವುದು ಒಳ್ಳೆಯದು. ಬದು, ಗೋಮಾಳ, ಹಳ್ಳದ ದಂಡೆಗಳಲ್ಲಿ ಉಳಿದ ಮರಗಳು ದೂರದ ಗುಂಪುಗಳ ನಡುವೆ ಪರಾಗಕ್ಕೆ ಸೇತುವೆಯಾಗಬಲ್ಲವು. ಅವನ್ನು ಕಡಿಯಬಾರದು.

ರೈತ ಬಾಂಧವರು ಹಾಗೂ ವಿಸ್ತರಣಾ ಕಾರ್ಯಕರ್ತರು ಬರುವ ಬೇಸಿಗೆಗೆ ಮೊದಲೇ ತಮ್ಮ ಊರಿನ ಕಮರದ ಮರಗಳನ್ನು ಎಣಿಸಿ, ತಾಯಿಮರಗಳನ್ನು ಗುರುತು ಮಾಡಿಕೊಂಡರೆ, ಬೀಜ ಬಲಿತ ಕೂಡಲೇ ಕೆಲಸ ಸುಗಮವಾಗುತ್ತದೆ.