ಪ್ರಶ್ನೋತ್ತರದ ಹೊತ್ತಿಗೆ ಏಳಬೇಡ

ತಂಗೀ, ಪತ್ರಿಕೋದ್ಯಮ ಓದಲಿಕ್ಕೆ ಧಾರವಾಡಕ್ಕೆ ಹೊರಟಿದ್ದೀಯ. ಅಲ್ಲಿ ದತ್ತಿ ಉಪನ್ಯಾಸಗಳು ಇದ್ದೇ ಇರುತ್ತವೆ. 'ಮಾಧ್ಯಮ ಮತ್ತು ಸಮಾಜ' ಎಂಬ ವಿಷಯವಂತೂ ತಪ್ಪಿದ್ದಲ್ಲ. ಯಾರದೋ ಮನೆಯವರೋ ಶಿಷ್ಯರೋ ವಿಶ್ವವಿದ್ಯಾಲಯದಲ್ಲಿ ಠೇವಣಿ ಇಟ್ಟಿರುತ್ತಾರೆ. ಅದರ ಬಡ್ಡಿಯಲ್ಲಿ ಅತಿಥಿಯ ಗೌರವಧನ, ಸಭೆಯ ಚಹಾ ನಡೆಯುತ್ತದೆ. ಹಾಜರಿಗೆಂದು ಬಂದವರು ಪ್ರಶ್ನೋತ್ತರ ಶುರುವಾಗುತ್ತಲೇ ಬ್ಯಾಗು ಎತ್ತಿಕೊಳ್ಳುತ್ತಾರೆ. ನೀನು ಕೂತಿರು.

ಹೋಗುವ ಮೊದಲು, ಯಾರ ಹೆಸರಿನ ಉಪನ್ಯಾಸವೋ ಅವರು ಬರೆದದ್ದನ್ನು ನಾಲ್ಕು ಪುಟವಾದರೂ ಓದು. ಫೋಟೋಕ್ಕೆ ಮಾಲೆ ಹಾಕಿದ ಮೇಲೆ ವೇದಿಕೆಯಲ್ಲಿ ಅವರ ಮಾತು ಬರುವುದೇ ಅಪರೂಪ. ನಮ್ಮ ಕಡೆಯವರನ್ನೇ ತಗೋ. ಅಂಕೋಲೆಯ ದಿನಕರ ದೇಸಾಯಿಯವರೆಂದರೆ ನಿನ್ನ ವಾರಿಗೆಯವರಿಗೆ ಚುಟುಕ, ಅಷ್ಟೇ. ಗೇಣಿ ರೈತರ ಪರ ನಿಂತದ್ದಕ್ಕೆ 1940ರಲ್ಲಿ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಆಮೇಲೆ ಅವರೇ 'ಜನಸೇವಕ' ವಾರಪತ್ರಿಕೆ ನಡೆಸಿದರು. ಗೌರೀಶ ಕಾಯ್ಕಿಣಿಯವರು ಇಲ್ಲೇ ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುತ್ತಲೇ ಪತ್ರಿಕೆಗಳಿಗೆ ಬರೆದರು. ಕಾರವಾರದ 'ಕರಾವಳಿ ಮುಂಜಾವು' ದೈನಿಕದ ಸಂಪಾದಕರಾಗಿ ಹೆಸರಾದ ಗಂಗಾಧರ ಹಿರೇಗುತ್ತಿಯವರು ನಮ್ಮೂರನ್ನು ಹೆಸರಿನಲ್ಲೇ ಹೊತ್ತವರು.

ಈಗ ನೀನು ಕೇಳಬೇಕಾದ ಪ್ರಶ್ನೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತಲ್ಲ, ಚಹಾದಂಗಡಿಯ ಸಂಸಾರವೇ ಹೋಯಿತು. ಅಲ್ಲಿ ಕಣ್ಮರೆಯಾದ ಕೇರಳದ ಲಾರಿ ಚಾಲಕನಿಗಾಗಿ ಮಲಯಾಳಂ ಚಾನೆಲ್ಲುಗಳು ಗಂಗಾವಳಿ ದಂಡೆಯಲ್ಲಿ ಬೀಡುಬಿಟ್ಟವು. ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅಲ್ಲಿಯವರೆಗೆ ಸುದ್ದಿ ತಣ್ಣಗಾಗದಂತೆ ನೋಡಿಕೊಂಡದ್ದು ಅವರೇ, ಹೀಗಳೆಯಬೇಡ. ಆದರೆ ಎದುರು ದಂಡೆಯ ಉಳುವರೆ? ಗುಡ್ಡದ ಮಣ್ಣು ಬಿದ್ದ ರಭಸಕ್ಕೆ ನದಿ ಉಕ್ಕಿ ಆಚೆ ದಡ ಹತ್ತಿ ಮನೆಗಳನ್ನು ಕೆಡವಿತು, ಜೀವವನ್ನೂ ತೆಗೆಯಿತು. ಹೆದ್ದಾರಿಯಲ್ಲಿ ನಿಂತ ಕ್ಯಾಮೆರಾಕ್ಕೆ ಆ ಊರು ಚಿತ್ರದ ಹಿಂಬದಿಯ ಹಸಿರು, ಅಷ್ಟೇ. ದೂರದವರು ತಮ್ಮ ಹುಡುಗನನ್ನು ಬಿಡಲಿಲ್ಲ; ಉಳುವರೆಯವರಿಗಾಗಿ ಹಾಗೆ ಹಟ ಹಿಡಿದು ಕೂತವರೆಷ್ಟು ಮಂದಿ? ಹೆದ್ದಾರಿಗೆಂದು ಗುಡ್ಡ ಕಡಿಯುವಾಗಲೇ ಅದರ ಬಗ್ಗೆ ಬರೆದವರು ಯಾರು? ಸಮಾಜ ಎಂದು ಉಪನ್ಯಾಸಕರು ಹೇಳಿದಾಗೆಲ್ಲ ಅದರಲ್ಲಿ ಉಳುವರೆ ಸೇರಿದೆಯೋ ಕೇಳು. ನಿನ್ನ ಹೆಸರು, ಊರು ಹೇಳಿ ಎರಡೇ ವಾಕ್ಯದಲ್ಲಿ ಕೇಳು. ಪ್ರಶ್ನೆಯ ನೆಪದಲ್ಲಿ ಇನ್ನೊಂದು ಉಪನ್ಯಾಸ ಕೊಡುವ ಹಿರಿಯರು ಪ್ರತಿ ಸಭೆಯಲ್ಲೂ ಇರುತ್ತಾರೆ (ನಾನೂ ಆ ಪೈಕಿ ಎಂದು ನಿಮ್ಮಜ್ಜಿ ಹೇಳುತ್ತಾಳೆ).

ಇನ್ನೊಂದು. ಕರ್ನಾಟಕ ವಿಶ್ವವಿದ್ಯಾಲಯ ಹಿಂದೆ ಉಪನ್ಯಾಸಗಳನ್ನು ಹಳ್ಳಿಪಟ್ಟಣಗಳಿಗೆ ಒಯ್ದು, ಪುಟ್ಟ ಪುಸ್ತಕವಾಗಿಯೂ ಅಚ್ಚುಹಾಕುತ್ತಿತ್ತು. ನಿಮ್ಮ ವಿಭಾಗದವರು ಒಂದು ವರ್ಷದ ಉಪನ್ಯಾಸವನ್ನು ಈ ಕಡೆ ತರುತ್ತಾರೋ ಕೇಳಿ ನೋಡು. ಜಾಗ, ಚಹಾ ನಮ್ಮದು. ಉಳುವರೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸೋಣ. ಅಧ್ಯಕ್ಷರ ಭಾಷಣ ಮಾತ್ರ ಬೇಡ.