ಇಂದಿನ ಧಮ್ಮ ಚಿಂತನೆ: ಊಟ, ನೆನಪು, ಮನಸ್ಸು



ಉಪವಾಸದಿಂದ ಸೊರಗಿದ ಸಿದ್ಧಾರ್ಥ ಗೌತಮರು, ಬಳಲಿದ ದೇಹದಲ್ಲಿ ಮನಸ್ಸು ನಿಲ್ಲದೆಂದು ಅರಿತು ಸುಜಾತೆ ಕೊಟ್ಟ ಅನ್ನ ಸ್ವೀಕರಿಸಿದರು. ಬಾಬಾಸಾಹೇಬರ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಈ ಪ್ರಸಂಗ ಓದಿದ್ದೇವೆ.

ನಮ್ಮ ಶಾಲೆಯ ಟೀಚರೊಬ್ಬರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಇದೆ. ಇದರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳು ಮಾಡುತ್ತದೆ. ನಡಿಗೆ ಮಾತ್ರವಲ್ಲ, ನೆನಪೂ ಕೈಕೊಡಬಹುದು, ಖಿನ್ನತೆ ಕಾಡಬಹುದು. ಇದು ಸೋಮಾರಿತನವಲ್ಲ, ಹಿಂದಿನ ಜನ್ಮದ ಪಾಪವೂ ಅಲ್ಲ.

"ಮೀನು, ಮಾಂಸ ಬಿಡಿ, ಸಾತ್ವಿಕ ಊಟ ಮಾಡಿ, ವಾಸಿಯಾಗುತ್ತೆ" ಎಂದು ಅವರಿಗೆ ಹೇಳುವವರಿದ್ದಾರೆ. ಬುದ್ಧರು ಕಾಲಾಮರಿಗೆ ತಿಳಿಸಿದಂತೆ ಈ ಮಾತನ್ನೂ ಪರೀಕ್ಷಿಸೋಣ.

ಎಂ.ಎಸ್. ವಾಸಿಮಾಡುವ ಆಹಾರ ಯಾವುದೂ ಸಾಬೀತಾಗಿಲ್ಲ. ಆದರೆ ತರಕಾರಿ, ಹಣ್ಣು, ಕಾಳು, ಮೀನು, ಆಲಿವ್ ಎಣ್ಣೆ ಹೆಚ್ಚಿರುವ ಮೆಡಿಟರೇನಿಯನ್ ಊಟ ಮಾಡುವ ರೋಗಿಗಳಲ್ಲಿ ನೆನಪು, ಯೋಚನಾಶಕ್ತಿ ಉತ್ತಮವಾಗಿರುವುದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಅದಕ್ಕೆ ಊಟವೊಂದೇ ಕಾರಣವೆಂದು ಇನ್ನೂ ಖಚಿತವಾಗಿಲ್ಲ. ಆ ಊಟದಲ್ಲಿ ಮೀನೂ ಇದೆ, ಗಮನಿಸಿ. ಬಿ12 ಕಡಿಮೆಯಾದರೆ ಯಾರಿಗಾದರೂ ಮರೆವು, ಖಿನ್ನತೆ ಬರಬಹುದು. ಅದು ಸಹಜವಾಗಿ ಸಿಗುವುದು ಮೀನು, ಮಾಂಸ, ಮೊಟ್ಟೆ, ಹಾಲಿನಲ್ಲಿ.

ಆಹಾರ ಮನಸ್ಸಿಗೆ ಆಸರೆ. ಅದು ಔಷಧಕ್ಕೆ ಬದಲಲ್ಲ, ಮಡಿ-ಮೈಲಿಗೆಯ ಅಳತೆಗೋಲೂ ಅಲ್ಲ.

ಇಂದಿನ ಅಭ್ಯಾಸ: ಕಾಯಿಲೆಯಲ್ಲಿರುವ ಒಬ್ಬರ ಮನೆಗೆ ಸೊಪ್ಪಿನ ಸಾರನ್ನೋ ಮೀನು ಸಾರನ್ನೋ ಒಯ್ಯೋಣ. ಜೊತೆಗೆ ಕೂತು ಉಣ್ಣೋಣ. ಅವರು ಹೇಳಿದ್ದನ್ನೇ ಮತ್ತೆ ಹೇಳಿದರೂ ಮೈತ್ರಿಯಿಂದ ಕೇಳೋಣ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ ಎನ್ನೋಣ.

ಭವತು ಸಬ್ಬ ಮಂಗಲಂ 🙏