ಎಡಗೈಗೂ ಕೆಲಸ ಕೊಡಿ

ಪ್ರಶ್ನೆ: ಕೆಲಸದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ನನಗೆ ಫ್ಲೈ ಫಿಶಿಂಗ್ ಹುಚ್ಚು ಹತ್ತಿದೆ. ಮೈಯ ಬಲವನ್ನೆಲ್ಲ ಹಾಕಿ ಬೀಸಿದರೂ ಲೈನ್ 40 ಅಡಿ ದಾಟುವುದಿಲ್ಲ. ಪಕ್ಕದಲ್ಲಿ ನಿಂತ ಅಜ್ಜ ಆರಾಮಾಗಿ 70 ಅಡಿ ಎಸೆಯುತ್ತಾರೆ. ಕೇಳಿದರೆ ‘ಡಬಲ್ ಹಾಲ್ ಕಲಿ’ ಅಂದರು. ಏನದು? ಒಬ್ಬನೇ ಕಲಿಯಬಹುದೇ?

ಉತ್ತರ: ಕಲಿಯಬಹುದು. ಅದಕ್ಕೆ ಮೊದಲು ಆ ‘ಮೈಯ ಬಲ’ವನ್ನು ಮನೆಯಲ್ಲೇ ಬಿಟ್ಟು ಬನ್ನಿ. 1960ರಲ್ಲಿ 161 ಅಡಿ ಎಸೆದು ಗಂಡಸರನ್ನು ಬೆರಗಾಗಿಸಿದವರು ಜೋನ್ ವುಲ್ಫ್. ಅವರು ಪೈಲ್ವಾನರಲ್ಲ, ನೃತ್ಯ ಕಲಿಸುತ್ತಿದ್ದವರು.

ನಮ್ಮೂರಿನ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂಬ ಕೃತಕ ಹುಳುವಿಗೆ ತೂಕವೇ ಇಲ್ಲ. ಇಲ್ಲಿ ದಪ್ಪನೆಯ ಲೈನೇ ತೂಕ. 8ನೇ ನಂಬರಿನ ಲೈನಿನ ಮೊದಲ 30 ಅಡಿ ತೂಗಿದರೆ ಸುಮಾರು 13.6 ಗ್ರಾಂ, ಅಷ್ಟೇ. ಅಷ್ಟು ಹಗುರವಾದದ್ದು ಗಾಳಿ ಸೀಳಿಕೊಂಡು ದೂರ ಹೋಗಬೇಕಾದರೆ ವೇಗ ಬೇಕು. ಬಲಗೈ ರಾಡ್ ಬೀಸಿ ವೇಗ ಕೊಡುತ್ತದೆ. ಎಡಗೈ ಸಾಮಾನ್ಯವಾಗಿ ಲೈನ್ ಹಿಡಿದುಕೊಂಡು ಸುಮ್ಮನಿರುತ್ತದೆ. ಡಬಲ್ ಹಾಲ್ ಅಂದರೆ ಆ ಎಡಗೈಗೂ ಕೆಲಸ ಹಚ್ಚುವುದು: ರಾಡ್ ಹಿಂದಕ್ಕೆ ಹೋಗುವಾಗ ಒಮ್ಮೆ, ಮುಂದಕ್ಕೆ ಬರುವಾಗ ಒಮ್ಮೆ ಲೈನನ್ನು ಚಟ್ಟನೆ ಕೆಳಗೆ ಎಳೆಯುವುದು. ರಾಡ್ ಇನ್ನಷ್ಟು ಬಾಗುತ್ತದೆ, ಲೈನಿನ ವೇಗ ಏರುತ್ತದೆ. ಇದು ಹೆಸರು ಮಾಡಿದ್ದು 1934ರಲ್ಲಿ, ಆರೆಗಾನ್‌ನ ಮಾರ್ವಿನ್ ಹೆಡ್ಜ್ ಸೇಂಟ್ ಲೂಯಿಸ್‌ನ ಸ್ಪರ್ಧೆಯಲ್ಲಿ ಹಳೆಯ ದಾಖಲೆ ಮುರಿದಾಗ.

ಎಳೆಯುವುದು ಯಾರಿಗಾದರೂ ಬರುತ್ತದೆ. ಎಡವುವುದು ಎಳೆದದ್ದನ್ನು ಹಿಂದಿರುಗಿಸುವಲ್ಲಿ. ಮಜ್ಜಿಗೆ ಕಡೆಯುವ ಹಗ್ಗ ನೆನಪಿಸಿಕೊಳ್ಳಿ: ಒಂದು ಕೈ ಎಳೆದ ಮೇಲೆ ಸಡಿಲ ಬಿಡದಿದ್ದರೆ ಕಡೆಗೋಲು ತಿರುಗುವುದೇ ಇಲ್ಲ. ಇಲ್ಲೂ ಹಾಗೆಯೇ. ಲೈನ್ ಬೆನ್ನ ಹಿಂದೆ ಬಿಚ್ಚಿಕೊಳ್ಳುತ್ತಿರುವಾಗ ಅದರ ಸೆಳೆತಕ್ಕೆ ಒಪ್ಪಿಸಿಕೊಂಡು ಎಡಗೈ ಮತ್ತೆ ರೀಲಿನ ಹತ್ತಿರಕ್ಕೆ ಏರಬೇಕು. ಕೈ ತೊಡೆಯ ಬಳಿಯೇ ಉಳಿದರೆ ಮುಂದಿನ ಎಳೆತಕ್ಕೆ ಜಾಗವಿಲ್ಲ. ಅವಸರದಲ್ಲಿ ಮೇಲೆತ್ತಿದಿರೋ, ಲೈನ್ ಜೋಲು ಬಿದ್ದು ಎಲ್ಲ ವೇಗವೂ ನೀರುಪಾಲು.

ಯಾವಾಗ ಎಳೆಯಬೇಕು? ಹೊಸಬರು ರಾಡ್ ಅಲ್ಲಾಡಿದ ಕೂಡಲೇ ಎಳೆದುಬಿಡುತ್ತಾರೆ. ರಾಡ್ ನಿಧಾನವಾಗಿ ಶುರುವಾಗಿ, ವೇಗ ಹೆಚ್ಚಿಸಿಕೊಂಡು, ಗಕ್ಕನೆ ನಿಲ್ಲುತ್ತದಲ್ಲ, ಎಳೆತ ಇರಬೇಕಾದದ್ದು ಆ ಕೊನೆಯ ರಭಸದಲ್ಲಿ. ರಾಡ್ ನಿಂತಾಗ ಎಳೆತವೂ ಮುಗಿದಿರಬೇಕು. ಮೊಳದುದ್ದ ಎಳೆಯಬೇಕೆಂದೇನೂ ಇಲ್ಲ. ಲೈನ್ ಕಡಿಮೆ ಹೊರಗಿದ್ದರೆ ಗೇಣುದ್ದ ಸಾಕು.

ಮೊದಮೊದಲ ಅಭ್ಯಾಸಕ್ಕೆ ರಾಡೇ ಬೇಡ. ಇದೇ ಸ್ಯಾನ್ ಫ್ರಾನ್ಸಿಸ್ಕೋದ ಹೆಸರಾಂತ ಗುರು ಮೆಲ್ ಕ್ರೀಗರ್ ಬರಿಗೈಯಲ್ಲಿ ಅಭಿನಯ ಮಾಡಿಸಿ ಕಲಿಸುತ್ತಿದ್ದರು. ಕನ್ನಡಿಯ ಮುಂದೆ ನಿಂತು, ‘ಕೆಳಗೆ–ಮೇಲೆ’ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಎಡಗೈ ಆಡಿಸಿ. ‘ಕೆಳಗೆ’ ಚುರುಕು, ‘ಮೇಲೆ’ ನಿಧಾನ. ಮನೆಯವರು ನಕ್ಕರೆ ನಗಲಿ. ಕೈಗೆ ಲಯ ಹತ್ತಿದ ಮೇಲೆ ಹುಲ್ಲಿನ ಮೈದಾನಕ್ಕೆ ಹೋಗಿ, ಕೊಕ್ಕೆಯ ಬದಲು ಉಣ್ಣೆ ನೂಲಿನ ತುಣುಕು ಕಟ್ಟಿ, 30 ಅಡಿ ಲೈನ್ ಹೊರಗಿಟ್ಟು, ರಾಡನ್ನು ಸೊಂಟದ ಮಟ್ಟದಲ್ಲಿ ಅಡ್ಡಡ್ಡ ಬೀಸಿ. ಹಾಗೆ ಬೀಸಿದರೆ ಲೈನೂ ಕೈಯೂ ಕಣ್ಣೆದುರಿಗೇ ಇರುತ್ತವೆ. ಹಿಂದಕ್ಕೊಮ್ಮೆ ಬೀಸಿ, ಲೈನನ್ನು ಹುಲ್ಲಿಗೆ ಬೀಳಲು ಬಿಟ್ಟು, ಎಡಗೈ ಮೇಲೆ ಬಂದಿದೆಯೇ ನೋಡಿಕೊಂಡು ಆಮೇಲೆ ಮುಂದಕ್ಕೆ. ಎರಡನ್ನೂ ಮೊದಲ ದಿನವೇ ಜೋಡಿಸಲು ಹೋಗಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಸಣ್ಣ ಹೊಳೆಯ ಟ್ರೌಟ್‌ಗೆ ನಿಮ್ಮ 40 ಅಡಿಯೇ ಧಾರಾಳ. ಅಲ್ಲಿ ದೂರಕ್ಕಿಂತ ಸದ್ದಿಲ್ಲದೆ ಹತ್ತಿರ ಹೋಗುವ ಜಾಣತನ ದೊಡ್ಡದು. ಆದರೆ ಓಷನ್ ಬೀಚ್‌ನಲ್ಲಿ ಕಡಲ ಗಾಳಿ ಮುಖಕ್ಕೆ ಬಡಿಯುತ್ತಿರುವಾಗ, ಸ್ಟ್ರೈಪ್ಡ್ ಬಾಸ್ ಅಲೆಗಳಾಚೆ ಇರುವಾಗ, ಡಬಲ್ ಹಾಲ್ ಇಲ್ಲದವರು ಮೀನಿಗಿಂತ ಮರಳಿಗೇ ಹೆಚ್ಚು ಗಾಳ ಹಾಕುತ್ತಾರೆ. ಅಲ್ಲಿಗೆ ಇದು ಬೇಕೇ ಬೇಕು.

ನಿಮ್ಮ ಊರಿನ ಗೋಲ್ಡನ್ ಗೇಟ್ ಪಾರ್ಕ್‌ನಲ್ಲಿ 1938ರಲ್ಲಿ ಎಸೆತದ ಅಭ್ಯಾಸಕ್ಕೆಂದೇ ಕಟ್ಟಿದ ಕೊಳಗಳಿವೆ, ಸಾರ್ವಜನಿಕರಿಗೆ ಮುಕ್ತ. ಅಲ್ಲಿ ಹೋಗಿ ನಿಲ್ಲಿ. ತಿದ್ದುವವರು ಪಕ್ಕದಲ್ಲೇ ಸಿಗುತ್ತಾರೆ. ಟೋಪಿ, ಕನ್ನಡಕ ಮರೆಯಬೇಡಿ. ನೂಲಿನ ತುಣುಕು ಎಸೆಯಲು ಲೈಸೆನ್ಸ್ ಬೇಡ. ಕಡಲಿಗೋ ಹೊಳೆಗೋ ಕೊಕ್ಕೆ ಇಳಿಸುವುದಾದರೆ, ಸಾರ್ವಜನಿಕ ಕಡಲ ಕಟ್ಟೆಗಳನ್ನು ಬಿಟ್ಟು, 16 ತುಂಬಿದವರಿಗೆ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಕಡ್ಡಾಯ.